ಎರಡು ಸಾವಿರದ ನೂರಾ ಹದಿನಾಲ್ಕು ಮೈಲಿ

ಮೊನ್ನೆ ಮಂಡಿನೋವು ಜಾಸ್ತಿಯಾಗಿ ಕಾಲು ನೀಡಿಕೊಂಡು ಕೂತಿದ್ದೆ. ಹೆಂಡತಿ ಹರಳೆಣ್ಣೆ ಬಿಸಿಮಾಡಿ ತಂದು ತಿಕ್ಕತೊಡಗಿದಳು. ಹರಳೆಣ್ಣೆಯ ವಾಸನೆ ಬಂದರೆ ನಿಮಗೆ ಏನು ನೆನಪಾಗುತ್ತದೆ ಎಂದು ನಾನು ಬಲ್ಲೆ. ಚಿಕ್ಕಂದಿನಲ್ಲಿ ಅಜ್ಜಿ ಮೂಗು ಹಿಡಿದು ಒಂದು ಚಮಚ ಕುಡಿಸಿದ್ದು, ಆಮೇಲೆ ದಿನವಿಡೀ ಹಿತ್ತಲಿಗೆ ಓಡಿದ್ದು. ಅದು ಮರ್ಯಾದಸ್ಥರ ನೆನಪು. ನನಗೆ ನೆನಪಾಗುವುದು ಒಂದು ಕಾರು. ಕೆಂಪು ಬಣ್ಣದ, ಎರಡೇ ಸೀಟಿನ, ಬಟ್ಟೆಯ ಮಾಡು ಮಡಚಿ ಹಿಂದಕ್ಕೆ ಹಾಕುವಂಥ ವಿಲಾಯಿತಿ ಕಾರು. "ಕಾರಿನ ವಾಸನೆ ಬರ್ತಾ ಇದೆ ಕಣೇ" ಎಂದೆ. ಅವಳು ತಿಕ್ಕುವುದನ್ನು ನಿಲ್ಲಿಸಿ ನನ್ನ ಹಣೆ ಮುಟ್ಟಿ ನೋಡಿದಳು. ಅವಳನ್ನು ತಪ್ಪು ಅನ್ನಲಾರೆ. ನೀವಾದರೂ ಹಣೆ ಮುಟ್ಟದೆ ಪೂರ್ತಿ ಕೇಳಿ.

ಐವತ್ತರ ದಶಕದ ಕೊನೆಯ ವರ್ಷಗಳು. ನಾನು ಅರಕಲಗೂಡಿನ ಮಿಡ್ಲ್ ಸ್ಕೂಲಿನಲ್ಲಿ ಇಂಗ್ಲಿಷ್ ಮೇಷ್ಟ್ರು. ಇಂಗ್ಲಿಷ್ ಎಷ್ಟು ಬರುತ್ತಿತ್ತು ಎಂದು ಕೇಳಬೇಡಿ, ಮಕ್ಕಳಿಗಿಂತ ಒಂದು ಪಾಠ ಮುಂದಿರುತ್ತಿದ್ದೆ, ಅಷ್ಟೆ. ಊಟ, ವಸತಿ ಎಲ್ಲ ನೀಲಕ್ಕನ ಮನೆಯಲ್ಲಿ. ನೀಲಕ್ಕ ನನ್ನ ಒಬ್ಬಳೇ ಅಕ್ಕ. ಅವಳ ಗಂಡ ಪರ್ವತಪ್ಪನವರಿಗೆ ಪೇಟೆ ಬೀದಿಯಲ್ಲಿ ಬಟ್ಟೆ ಅಂಗಡಿ. ಭಾವ ಹಣೆತುಂಬ ವಿಭೂತಿ ಹಚ್ಚಿ ಗದ್ದುಗೆಯ ಮೇಲೆ ಕೂತರೆಂದರೆ ಅವರ ಬಾಯಿಂದ ಒಂದು ಸುಳ್ಳು ಹೊರಡುತ್ತಿರಲಿಲ್ಲ, ಅವರ ಗಜದಕಡ್ಡಿಯಲ್ಲಿ ಒಂದು ನೂಲಿನಷ್ಟು ಮೋಸ ಇರಲಿಲ್ಲ. ಬಂಗಾರದಂಥ ಮನುಷ್ಯ. ಆದರೆ ಅವರಿಗೊಂದು ಹುಚ್ಚು. ಒಳ್ಳೆಯ ವಸ್ತು ಯಾವುದೇ ಆಗಲಿ, ಅದನ್ನು ಬಳಸಬಾರದು.

ನಮ್ಮ ಕಡೆ ಈ ಹುಚ್ಚು ಎಲ್ಲರ ಮನೆಯಲ್ಲೂ ಸ್ವಲ್ಪ ಸ್ವಲ್ಪ ಇರುತ್ತದೆ, ಒಪ್ಪುತ್ತೇನೆ. ಒಳ್ಳೆಯ ಲೋಟ ನೆಂಟರಿಗೆ, ಒಳ್ಳೆಯ ಜಮಖಾನ ಹಬ್ಬಕ್ಕೆ. ಭಾವ ಅದನ್ನು ತಪಸ್ಸಿನ ಮಟ್ಟಕ್ಕೆ ಕೊಂಡೊಯ್ದಿದ್ದರು. ಮದುವೆಯಲ್ಲಿ ನಮ್ಮಪ್ಪ ಕೊಟ್ಟ ಹಿತ್ತಾಳೆ ಹಂಡೆ ಒಂಬತ್ತು ವರ್ಷದಿಂದ ಅಟ್ಟದ ಮೇಲಿತ್ತು, ಅದಕ್ಕೆ ಬೆಂಕಿ ಎಂದರೇನು ಎಂದೇ ಗೊತ್ತಿರಲಿಲ್ಲ. ಮೈಸೂರಿನಿಂದ ತಂದ ಒಂದು ರೇಷ್ಮೆ ಛತ್ರಿ ಇತ್ತು. ಮಳೆ ಬಂದರೆ ಅದನ್ನು ಕೋಟಿನೊಳಗೆ ಅಡಗಿಸಿಕೊಂಡು, ತಾವು ತೊಪ್ಪೆಯಾಗಿ ನೆನೆಯುತ್ತ ಓಡಿ ಬರುತ್ತಿದ್ದರು. ಬಂದವರೇ ಮೊದಲು ಛತ್ರಿ ಮುಟ್ಟಿ ನೋಡಿ, "ಸದ್ಯ, ನೆಂದಿಲ್ಲ" ಅನ್ನುತ್ತಿದ್ದರು. ಆಮೇಲೆ ಒಂದು ವಾರ ಸೀನು.

ಇಂಥವರು ಕಾರು ತಂದದ್ದೇಕೆ ಎಂದರೆ, ಅದು ಅಕ್ಕನಿಗೆ ಕೊಟ್ಟ ಮಾತು. ನಮ್ಮ ತವರು ರಾಮನಾಥಪುರ. ಭಾವ ಹೆಣ್ಣು ನೋಡಲು ಬಂದ ದಿನ ದಾರಿಯಲ್ಲಿ ಬಸ್ಸು ಕೆಟ್ಟು, ಹೊಗೆಸೊಪ್ಪಿನ ಲಾರಿ ಹತ್ತಿ, ಹೊರೆಗಳ ಮೇಲೆ ಕೂತು ಬಂದಿದ್ದರು. ನಡುಮನೆಯಲ್ಲಿ ಹೆಣ್ಣಿನ ಮುಖ ನೋಡಬೇಕು ಅನ್ನುವಾಗೆಲ್ಲ ಅಕ್ಷೀ, ಅಕ್ಷೀ. ಹನ್ನೊಂದು ಸಲ ಸೀನಿದರು. ಅಕ್ಕ ಬಾಗಿಲ ಸಂದಿಯಲ್ಲಿ ಕಿಸಕ್ಕನೆ ನಕ್ಕಳು. ಭಾವ ಹೊರಡುವಾಗ ಎಲ್ಲರೆದುರಿಗೇ, "ನಗ್ಬೇಡ ಕಣಮ್ಮ. ಒಂದಿನ ಇದೇ ಬೀದೀಲಿ ನಿನ್ನ ಪಕ್ಕದಲ್ಲಿ ಕೂರಿಸ್ಕಂಡು ಕಾರಲ್ಲಿ ಬತ್ತೀನಿ" ಅಂದರು. ಗಂಡಸು ಹೆಂಡತಿಯ ಪಕ್ಕ ನಡೆಯುವುದಕ್ಕೇ ನಾಚುತ್ತಿದ್ದ ಕಾಲ ಅದು. ಆ ಒಂದು ಮಾತಿಗೆ ಅಕ್ಕ ಒಪ್ಪಿದಳು. ಒಂಬತ್ತು ವರ್ಷ ಆದರೂ ಮರೆತಿರಲಿಲ್ಲ. ಒಡವೆ ಕೇಳಿದವಳಲ್ಲ, ಸೀರೆ ಕೇಳಿದವಳಲ್ಲ. ಅದೊಂದನ್ನು ಕೇಳುತ್ತಿದ್ದಳು.

ಕೊನೆಗೆ ಭಾವ ಹಾಸನಕ್ಕೆ ಹೋಗಿ, ಎಲ್ಲರಂತೆ ಒಂದು ಹಳೇ ದೊಡ್ಡ ಕಾರು ನೋಡಿಕೊಂಡು ಬರಬೇಕೆಂದು ಹೊರಟರು. ನನ್ನನ್ನೂ ಕರೆದೊಯ್ದರು. ಊರಾಚೆ ಒಬ್ಬ ಕಾಫಿ ತೋಟದ ದೊರೆಯ ಬಂಗಲೆಯಿತ್ತು. ದೊರೆ ಸ್ವಾತಂತ್ರ್ಯ ಬಂದ ಮರುವರ್ಷವೇ ಹಡಗು ಹತ್ತಿದ್ದ. ಅಲ್ಲಿನ ಕೊಟ್ಟಿಗೆಯಲ್ಲಿ ಭತ್ತದ ಹುಲ್ಲಿನಡಿ ಈ ಕಾರು ಇತ್ತು. ಸೀಟಿನ ಮೇಲೆ ಕೋಳಿ ಕಾವಿಗೆ ಕೂತಿತ್ತು. ಬಾನೆಟ್ಟು ಎತ್ತಿದರೆ ಇಲಿಗಳ ಮೂರು ತಲೆಮಾರು. ಮರದ ಚೌಕಟ್ಟನ್ನು ಗೆದ್ದಲು ತಿಂದು, ಬಾಗಿಲು ಮುಟ್ಟಿದರೆ ಹಪ್ಪಳದಂತೆ ಪುಡಿಯಾಗುತ್ತಿತ್ತು. ನಾನು, "ಭಾವ, ಬನ್ನಿ ಹೋಗೋಣ" ಅಂದೆ. ಅಷ್ಟರಲ್ಲಿ ಬಂಗಲೆಯ ಮುದಿ ಬಟ್ಲರು ಮೀಟರಿನ ಗಾಜು ಒರೆಸಿ ತೋರಿಸಿದ.

"ನೋಡಿ ಸಾ, ಎರಡು ಸಾವಿರದ ನೂರಾ ಹದಿನಾಕು ಮೈಲಿ. ದೊರೆ ಓಡ್ಸೇ ಇಲ್ಲ."

ಭಾವನ ಮುಖ ನೋಡಬೇಕಿತ್ತು ನೀವು. ಇಪ್ಪತ್ತು ವರ್ಷದ ವಸ್ತು, ಬಳಸೇ ಇಲ್ಲ! ಜನ್ಮದಲ್ಲಿ ಮೊದಲ ಸಲ ತಮ್ಮ ಜಾತಿಯ ಇನ್ನೊಬ್ಬನನ್ನು ಕಂಡವರಂತೆ ಅವರು ಆ ಕೋಳಿಯನ್ನು ಮೆಲ್ಲಗೆ ಎತ್ತಿ ಕೆಳಗಿಟ್ಟರು. ಮಾರನೆಯ ವಾರ ಲಾರಿಯಲ್ಲಿ ಕಾರು ಅರಕಲಗೂಡಿನ ಮನೆಯ ಹಿತ್ತಲಿಗೆ ಬಂತು. ಅಕ್ಕ ಅದರ ಅವಸ್ಥೆ ನೋಡಿ ಹೆದರಲಿಲ್ಲ. ಸೀಟು ಎಣಿಸಿದಳು. "ಎರಡೇ! ಒಳ್ಳೇದಾಯ್ತು ಬಿಡು. ಇವರ ಅಕ್ಕತಂಗೀರು ಯಾರೂ ಅತ್ತೋ ಅಂಗಿಲ್ಲ" ಅಂದು ಲಟಿಕೆ ಮುರಿದಳು.

ರಿಪೇರಿಗೆ ಬಂದವನು ಕಾಳಾಚಾರಿ. ಮೆಕ್ಯಾನಿಕ್ ಅಲ್ಲ, ಎತ್ತಿನ ಗಾಡಿ ಮಾಡುವ ಬಡಗಿ. ಸುತ್ತ ಹತ್ತು ಹಳ್ಳಿಯಲ್ಲಿ ಅವನ ಕೈಯ ಗಾಡಿ ಮುರಿದದ್ದಿಲ್ಲ. ಭಾವನಿಗೆ ಅಷ್ಟು ಸಾಕಾಗಿತ್ತು. ಕಾಳಾಚಾರಿ ಕಾರಿನ ಸುತ್ತ ಮೂರು ಸುತ್ತು ಬಂದು, ಕಿವಿಯ ಮೇಲಿದ್ದ ಸೀಸದಕಡ್ಡಿ ತೆಗೆದು, ಉದ್ದ ಅಗಲ ಅಳೆದು, ಗೋಡೆಯ ಮೇಲೆ ಗುಣಿಸಿದ, ಎಂಟರಿಂದ ಭಾಗಿಸಿದ. ಆಯ ನೋಡುತ್ತಿದ್ದ. ಮನೆಯಾಗಲಿ, ಮಂಚವಾಗಲಿ, ಗಾಡಿಯಾಗಲಿ, ಅಳತೆಗೆ ಒಳ್ಳೆಯ ಆಯ ಬರಬೇಕು, ಇಲ್ಲದಿದ್ದರೆ ಇಟ್ಟುಕೊಂಡವನಿಗೆ ಕೇಡು ಎಂಬುದು ನಮ್ಮ ಬಡಗಿಗಳ ಲೆಕ್ಕ. ಕಾಳಾಚಾರಿ ಗೋಡೆ ನೋಡಿ ತಲೆಯಾಡಿಸಿದ.

"ಕಾಗೆ ಆಯ ಸಾವ್ಕಾರ್ರೇ. ಕಾಗೆ ಆಯದಾಗೆ ಕಟ್ಟಿದ್ ಗಾಡಿ ಎಲ್ಲಾರ ಓಡ್ತದಾ? ಅದ್ಕೇ ದೊರೆ ಓಡ್ಸಿಲ್ಲ."

"ಈಗೇನ್ ಮಾಡದು?" ಭಾವ ಗಾಬರಿಯಾದರು.

"ಒಂದ್ ಮೂರ್ ಅಂಗುಲ ಇಗ್ಗಿಸ್ತೀನಿ. ಎತ್ತಿನ್ ಆಯ ಬತ್ತದೆ. ಬಸವಣ್ಣ ಇದ್ದಂಗೆ ಇರ್ತದೆ."

ನಾನು ಇಂಗ್ಲಿಷ್ ಓದಿದವನು, "ಕಾರಿಗೆ ಆಯ ಎಲ್ಲಿ ಬಂತು ಆಚಾರಿ?" ಅಂದೆ. ಅವನು ನನ್ನನ್ನು ಕನಿಕರದಿಂದ ನೋಡಿ, "ಮೇಷ್ಟ್ರೇ, ಗಾಲಿ ಇದ್ಮೇಲೆ ಗಾಡಿನೇ ತಾನೆ?" ಅಂದ.

ಹೀಗೆ ವಿಲಾಯಿತಿಯಲ್ಲಿ ಹುಟ್ಟಿದ ಕಾರಿನ ಚೌಕಟ್ಟು ಹೊನ್ನೆ ಮರದಲ್ಲಿ, ಎತ್ತಿನ ಆಯದಲ್ಲಿ, ಮೂರು ಅಂಗುಲ ಅಗಲವಾಗಿ ಮತ್ತೆ ಹುಟ್ಟಿತು. ಎಡಬಾಗಿಲು ಮಾತ್ರ ಕೊನೆಯವರೆಗೂ ಸರಿಯಾಗಿ ಕೂಡಲಿಲ್ಲ, ಭುಜ ಕೊಟ್ಟು ನೂಕಬೇಕಿತ್ತು. ಹಸುವನ್ನು ಪಕ್ಕದ ಮನೆಯ ಕೊಟ್ಟಿಗೆಗೆ ಕಳಿಸಿ, ಅದರ ಜಾಗದಲ್ಲಿ ಕಾರು ಕಟ್ಟಿದೆವು. ಕಟ್ಟಿದೆವು ಎಂದರೆ ನಿಜವಾಗಿ ಹಗ್ಗದಲ್ಲಿ ಕಟ್ಟಿದೆವು, ಇಳಿಜಾರು ನೆಲ. ಅಕ್ಕ ಜಿಡ್ಡು ಹೋಗಲೆಂದು ಇಡೀ ಕಾರಿಗೆ ಸೀಗೆಪುಡಿ ಹಾಕಿ ಎರೆದಳು. ದೀಪಗಳನ್ನು ಹುಣಸೆಹಣ್ಣಿನಲ್ಲಿ ಬೆಳಗಿದಳು. ಪಾತ್ರೆಗೆ ಕಲಾಯಿ ಹಾಕುವವನು ಬಂದು ರೇಡಿಯೇಟರಿನ ತೂತು ಮುಚ್ಚಿದ. ಇನ್ನು ಕಾಳಾಚಾರಿಗೆ ಗೊತ್ತಿದ್ದ ಮದ್ದು ಒಂದೇ, ಹರಳೆಣ್ಣೆ. ಅಚ್ಚಿಗೆ ಹರಳೆಣ್ಣೆ, ಸ್ಪ್ರಿಂಗಿಗೆ ಹರಳೆಣ್ಣೆ, ತೊಗಲಿನ ಸೀಟಿಗೂ ಹರಳೆಣ್ಣೆ. ಅದರಲ್ಲಿ ಕೂತು ಎದ್ದವನು ಮೂರು ದಿನ ಎಲ್ಲಿಗೆ ಹೋದರೂ ಜನ ಜಾಗ ಬಿಡುತ್ತಿದ್ದರು. ಎಂಜಿನ್ನಿಗೆ ಮಾತ್ರ ಚನ್ನರಾಯಪಟ್ಟಣದಿಂದ ಒಬ್ಬ ಬಸ್ ಮೆಕ್ಯಾನಿಕ್ ಭಾನುವಾರ ಭಾನುವಾರ ಬಂದು, ಎಲ್ಲ ಬಿಚ್ಚಿ, ತೊಳೆದು, ಮತ್ತೆ ಕೂಡಿಸಿದ. ಭಾವನಿಗೆ ಓಡಿಸುವುದನ್ನು ಕಲಿಸಿದವನೂ ಅವನೇ, ತನ್ನ ಬಸ್ಸಿನಲ್ಲಿ. ಭಾವ ಲೈಸೆನ್ಸು ಮಾಡಿಸಿ, ಬೆಳ್ಳಿ ಕರಡಿಗೆಯಲ್ಲಿಟ್ಟು ಬೀಗ ಹಾಕಿದರು.

ಈಗ ನನ್ನ ಪಾಪ ಹೇಳಿಕೊಳ್ಳಬೇಕು. ಯಾವುದೋ ಬಿಡಿಭಾಗ ಬೇಕೆಂದು ಬೆಂಗಳೂರಿನ ಒಬ್ಬ ಹಳೇ ಅಂಗಡಿಯವನಿಗೆ ನಾನೇ ಇಂಗ್ಲಿಷಿನಲ್ಲಿ ಕಾಗದ ಬರೆದಿದ್ದೆ. ಮೀಟರಿನ ಸಂಖ್ಯೆಯನ್ನೂ ಹೆಮ್ಮೆಯಿಂದ ಸೇರಿಸಿದ್ದೆ. ಉತ್ತರ ಬಂತು. ಭಾವ ಅಂಗಡಿಯಲ್ಲಿ ನಾಲ್ಕು ಜನ ಗಿರಾಕಿಗಳ ಎದುರು, "ಓದಿ ಏಳಿ ಮೇಷ್ಟ್ರೇ" ಅಂದರು. ಮೊದಲ ಸಾಲು, ಇಷ್ಟು ಕಡಿಮೆ ಓಡಿದ ಕಾರು ಅಪರೂಪ, ಜೋಪಾನ ಮಾಡಿ ಎಂದಿತ್ತು. ಅದನ್ನು ಕೇಳಿ ಭಾವನ ಮುಖ ಅರಳಿತು. ಅವರ ಮನೆಯ ಅನ್ನ ಉಣ್ಣುವವನು, ಮುಖ ಇನ್ನೂ ಅರಳಲಿ ಅನ್ನಿಸಿತು. "ಭೂಮಂಡಲದಲ್ಲೇ ಇಂಥದು ಇನ್ನೊಂದಿಲ್ಲವಂತೆ. ಇನ್ನು ಒಂದು ಮೈಲಿ ಓಡಿದರೂ ಬೆಲೆ ಕಳೆದುಕೊಳ್ಳುತ್ತದಂತೆ" ಎಂದು ಕೈಯಿಂದ ಸೇರಿಸಿದೆ. ಕಾಗದದ ಕೊನೆಯಲ್ಲಿ, ವಾರಕ್ಕೊಮ್ಮೆಯಾದರೂ ಓಡಿಸಿ, ನಿಂತಲ್ಲೇ ನಿಂತರೆ ಹಾಳಾಗುತ್ತದೆ ಎಂದು ಸ್ಪಷ್ಟವಾಗಿ ಬರೆದಿತ್ತು. ಅದನ್ನು ಓದಲಿಲ್ಲ. ಗಿರಾಕಿಗಳು ಆಹಾ ಅನ್ನುತ್ತಿದ್ದರು, ಆ ಹೊತ್ತಿನಲ್ಲಿ ಬೇಡ ಅನ್ನಿಸಿತು. ಆಮೇಲೆ ಯಾವ ಹೊತ್ತಿನಲ್ಲೂ ಧೈರ್ಯ ಬರಲಿಲ್ಲ.

ಅಲ್ಲಿಗೆ ಮುಗಿಯಿತು. ಕಾರು ಸಿದ್ಧವಾಯಿತು, ಕಣ್ಣು ಕೋರೈಸುವ ಹಾಗೆ ಸಿದ್ಧವಾಯಿತು, ಹಿತ್ತಲು ಬಿಟ್ಟು ಕದಲಲಿಲ್ಲ. ಬೆಳಿಗ್ಗೆ ಪೂಜೆ ಮುಗಿಸಿದ ಭಾವ ಕಾರಿನಲ್ಲಿ ಕೂತು, ಎಂಜಿನ್ ಶುರುಮಾಡಿ, ಗೇರು ಹಾಕದೆ ಹತ್ತು ನಿಮಿಷ ಕಣ್ಣುಮುಚ್ಚಿ ಕೇಳುತ್ತಿದ್ದರು. ಆರಿಸಿ, ಮೀಟರಿನ ಗಾಜಿಗೆ ವಿಭೂತಿ ಇಟ್ಟು ಇಳಿಯುತ್ತಿದ್ದರು. ಹೊಳೆನರಸೀಪುರದಿಂದ, ಹಾಸನದಿಂದ ಜನ ಮೀಟರು ನೋಡಲು ಬರುತ್ತಿದ್ದರು. ಬಂದವರು ಬಗ್ಗಿ ನೋಡಿ, "ಎರಡು ಸಾವಿರದ ನೂರಾ ಹದಿನಾಲ್ಕು! ಶಿವಶಿವಾ" ಅನ್ನುವರು. ಅವರಿಗೆಲ್ಲ ಕಾಫಿ ಮಾಡಿ ಕೊಡುವುದು ಅಕ್ಕನ ಪಾಲಿನ ಪ್ರಯಾಣ.

ಅಕ್ಕ ಕೇಳಿದಾಗೆಲ್ಲ ಒಂದೇ ಉತ್ತರ. "ಓಗಿ ಬಂದ್ರೆ ಇಪ್ಪತ್ನಾಕು ಮೈಲಿ ಆಯ್ತದೆ ಕಣೆ!" ಅವಳ ಮುಖ ಬಾಡುವುದನ್ನು ನೋಡಲಾರದೆ ನಾನು ಒಮ್ಮೆ, ಮೀಟರಿನ ವೈರು ಕಳಚಿಟ್ಟು ಹೋಗಿಬನ್ನಿ ಎಂದು ಉಪಾಯ ಹೇಳಿದೆ. ಭಾವ ಅಷ್ಟು ಸಿಟ್ಟಾದದ್ದನ್ನು ನಾನು ಕಂಡಿರಲಿಲ್ಲ. "ನಾಳೆ ಗಜದಕಡ್ಡೀಲಿ ಒಂದಂಗುಲ ಕುಯ್ದು ಬಟ್ಟೆ ಅಳೀರಿ ಅಂತೀರಾ? ನೀವು ಮಕ್ಳಿಗೆ ಪಾಠ ಏಳ್ಕೊಡೋರಾ?" ಸುಳ್ಳು ಹೇಳಿದವನಿಗೆ ಸತ್ಯವಂತನ ಸಿಟ್ಟು ತಡೆಯುವುದು ಕಷ್ಟ.

ಆ ವರ್ಷ ಗೌರಿ ಹಬ್ಬಕ್ಕೆ ಅಮ್ಮ ಕರೆಕಳಿಸಿದಳು. ಅಕ್ಕ ಬಟ್ಟಲಿಗೆ ಸಾರು ಬಡಿಸುತ್ತ, ದನಿ ಏರಿಸದೆ ಅಂದಳು. "ಓದ್ರೆ ಆ ಕಾರಲ್ಲಿ ಓಯ್ತೀನಿ. ಇಲ್ದಿದ್ರೆ ಓಗಲ್ಲ. ಇನ್ಮೇಲೆ ಕೇಳೋದೂ ಇಲ್ಲ." ಭಾವನ ಕೈಯ ತುತ್ತು ಕೈಯಲ್ಲೇ ಉಳಿಯಿತು. ಹೆಂಡತಿ ಕೇಳುವಷ್ಟು ದಿನ ಗಂಡಸಿಗೆ ಭಯವಿಲ್ಲ, ಕೇಳುವುದಿಲ್ಲ ಅಂದಾಗ ಎದೆ ಝಲ್ ಅನ್ನುತ್ತದೆ. ಭಾವ ಎರಡು ದಿನ ಅಂಗಡಿ ಮುಚ್ಚಿ ಕಾಳಾಚಾರಿಯ ಜೊತೆ ಗುಸುಗುಸು ಮಾಡಿದರು. ಮೂರನೆಯ ದಿನ, "ಹೊರಡು, ಕಾರಲ್ಲೇ ಓಗಣ" ಅಂದರು. ಅಕ್ಕ ಮದುವೆಯ ರೇಷ್ಮೆ ಸೀರೆ ತೆಗೆದಳು. ನನಗೂ ಹಿಗ್ಗು.

ಹಬ್ಬದ ಹಿಂದಿನ ದಿನ ಬೆಳಿಗ್ಗೆ ಬೀದಿಗೆ ಬಂದು ನೋಡುತ್ತೇವೆ. ಕಲ್ಲು ಸಾಗಿಸುವ ದೊಡ್ಡ ಎತ್ತಿನ ಗಾಡಿ. ಮುಂದೊಂದು ಜೊತೆ, ಹಿಂದೊಂದು ಜೊತೆ ಎತ್ತು. ಗಾಡಿಯ ಮೇಲೆ, ತೆಂಗಿನನಾರಿನ ಹಗ್ಗದಲ್ಲಿ ಬಿಗಿದು ಕೂರಿಸಿದ ಕೆಂಪು ಕಾರು. ಪಕ್ಕಕ್ಕೊಂದು ಏಣಿ. ಕಾರಿನೊಳಗೆ ಕೋಟು, ಪೇಟ ತೊಟ್ಟ ನಮ್ಮ ಭಾವ, ಸ್ಟಿಯರಿಂಗು ಹಿಡಿದು ನಗುತ್ತ ಕೂತಿದ್ದಾರೆ. "ಅತ್ತು ಬಾ! ಕಾರಲ್ಲಿ ಓದಂಗೂ ಆಯ್ತು, ಮೀಟ್ರು ತಿರುಗ್ದಂಗೂ ಆಯ್ತು!"

ಅಕ್ಕ ಬಹಳ ಹೊತ್ತು ಏಣಿಯನ್ನೇ ನೋಡಿದಳು. ಬೀದಿಯ ಜನವೆಲ್ಲ ಸೇರಿತ್ತು. ಗಂಡನ ಮಾನ ಕಳೆಯಬಾರದೆಂದು ತುಟಿ ಕಚ್ಚಿ ಹತ್ತಿದಳು. ನಾನೂ ಕಾಳಾಚಾರಿಯೂ ಗಾಡಿಯ ಹಿಂದೆ ಕಾಲು ಇಳಿಬಿಟ್ಟು ಕೂತೆವು. ಭಾವ ಎರಡು ಡಬ್ಬಿ ಪೆಟ್ರೋಲು ಬೇರೆ ಇಟ್ಟಿದ್ದರು, ಮಾವನ ಮನೆಯಲ್ಲಿ ಬೆಳಗಿನ ಹತ್ತು ನಿಮಿಷ ತಪ್ಪಬಾರದಲ್ಲ. ಮೆರವಣಿಗೆ ಹೊರಟಿತು. ಎತ್ತು ಬಲಕ್ಕೆ ತಿರುಗಿದರೆ ಭಾವ ಸ್ಟಿಯರಿಂಗು ಬಲಕ್ಕೆ ತಿರುಗಿಸುವರು. ಎದುರಿಗೆ ಎಮ್ಮೆ ಬಂದರೆ ಹಾರನ್ ಒತ್ತುವರು. ಇಳಿಜಾರು ಬಂದರೆ, ದೇವರಾಣೆ, ಬ್ರೇಕು ತುಳಿಯುವರು.

ಊರು ಬಿಟ್ಟು ಮೂರು ಮೈಲಿ ಕಳೆದು ಕೆರೆ ಏರಿಯ ಮೇಲೆ ಹೋಗುತ್ತಿದ್ದಾಗ, ನೇಗಿಲು ಹೊತ್ತ ಒಬ್ಬ ರೈತ ನಿಂತು ಕೇಳಿದ.

"ಕಾರು ಕೆಟ್ಟೋಗದಾ ಸಾ?"

"ಇಲ್ಲ ಕಣಪ್ಪ, ಚೆನ್ನಾಗದೆ."

"ಮತ್ಯಾಕೆ ಒತ್ಕಂಡ್ ಓಯ್ತಿದೀರಿ?"

"ಚೆನ್ನಾಗದಲ್ಲ, ಅದ್ಕೇ."

ರೈತ ಯೋಚನೆ ಮಾಡಿದ. ಆಮೇಲೆ ಕತ್ತೆತ್ತಿ, ಅಲುಗದೆ ಕೂತಿದ್ದ ಅಕ್ಕನನ್ನು ನೋಡಿ ದನಿ ತಗ್ಗಿಸಿದ. "ಅಮ್ಮಾರಿಗೆ ಸೀಕಾ ಸಾ? ಆಸ್ಪತ್ರೆಗಾ?"

ಅಕ್ಕ ಎದ್ದು ನಿಂತಳು. "ಗಾಡಿ ನಿಲ್ಲಿಸಿ" ಅಂದಳು. ಏಣಿಗೆ ಕಾಯದೆ ನನ್ನ ಹೆಗಲ ಮೇಲೆ ಕೈಯೂರಿ ಇಳಿದುಬಿಟ್ಟಳು. ಸೀರೆ ಕೊಡವಿಕೊಂಡು, ಮೇಲಿದ್ದ ಗಂಡನ ಕಡೆ ತಿರುಗಿದಳು.

"ಒಂಬತ್ ವರ್ಷದಿಂದ ನಾನೂ ನಿಮ್ಮ ಅಟ್ಟದ ಮ್ಯಾಲಿನ ಹಂಡೆ ತರಾನೇ ಇದೀನಿ ಕಣ್ರೀ. ಸವ್ದೋಯ್ತೀನಿ ಅಂತ ಒಂದಿನಾನೂ ಈಚೆಗೆ ತೆಗೀಲಿಲ್ಲ ನೀವು. ನೀವು ಕಾರನ್ನ ಒತ್ಕಂಡು ಬನ್ನಿ. ನಂಗೆ ಕಾಲದೆ."

ಅಷ್ಟು ಹೇಳಿ ರಾಮನಾಥಪುರದ ಕಡೆ ನಡೆದೇಬಿಟ್ಟಳು. ಅತ್ತಿದ್ದರೆ ಭಾವ ಸಮಾಧಾನ ಮಾಡುತ್ತಿದ್ದರೇನೋ. ಅಳಲಿಲ್ಲ, ಹಿಂದಿರುಗಿ ನೋಡಲಿಲ್ಲ. ನಮ್ಮ ನಾಲ್ಕು ಎತ್ತಿಗಿಂತ ಅವಳ ನಡಿಗೆಯೇ ಬಿರುಸು. ಭಾವ ಸ್ಟಿಯರಿಂಗು ಹಿಡಿದೇ ಕೂತಿದ್ದರು. ಇದೆಲ್ಲ ನನ್ನ ಬಾಯಿಚಪಲದ ಫಲ. ಗಾಡಿಯ ಮೇಲೆ ಹತ್ತಿ, ಕಾರಿನ ಬಾಗಿಲು ಹಿಡಿದು ಹೇಳಿಬಿಟ್ಟೆ. "ಭಾವ, ಆ ಕಾಗದದಲ್ಲಿ ಓಡಿಸಬೇಡಿ ಅಂತ ಇರಲಿಲ್ಲ. ನಾನು ಸೇರಿಸಿದ್ದು. ಓಡಿಸಿ, ಇಲ್ಲದಿದ್ದರೆ ಹಾಳಾಗುತ್ತೆ ಅಂತಿತ್ತು."

ಕೆನ್ನೆಗೆ ಬೀಳುತ್ತದೆ ಎಂದು ಕಣ್ಣು ಮುಚ್ಚಿದೆ. ಬೀಳಲಿಲ್ಲ. ಭಾವ ನನ್ನನ್ನು ನೋಡಿದರು, ದೂರದಲ್ಲಿ ಚಿಕ್ಕದಾಗುತ್ತಿದ್ದ ಸೀರೆಯನ್ನು ನೋಡಿದರು, ಮೀಟರು ನೋಡಿದರು. ಆಮೇಲೆ ಕೂಗಿದರು. "ಇಳ್ಸ್ರೋ! ಇಳ್ಸ್ರೋ ಇದ್ನ!"

ರೈತನೂ ನೇಗಿಲು ಬಿಸಾಡಿ ಕೈಹಾಕಿದ. ಹಲಗೆ ಇಟ್ಟು, ಹಗ್ಗ ಹಿಡಿದು, ಕಾರನ್ನು ಏರಿಯ ಮೇಲೆ ಇಳಿಸಿದೆವು. ಎಂಜಿನ್ ಒಂದೇ ಏಟಿಗೆ ಗುಡುಗಿತು. ಭಾವ ಗೇರು ಹಾಕಿದರು. ಕಾರು ಒಮ್ಮೆ ಎಗರಿ, ಇನ್ನೊಮ್ಮೆ ಎಗರಿ, ಓಡಿತು. ಹೊಗೆ, ಹರಳೆಣ್ಣೆಯ ವಾಸನೆಯ ನಡುವೆ ನಾವು ನಿಂತು ನೋಡಿದೆವು. ಕಾರು ಅಕ್ಕನ ಪಕ್ಕಕ್ಕೆ ಹೋಯಿತು. ಅವಳು ನಿಲ್ಲಲಿಲ್ಲ. ಅವಳ ನಡಿಗೆಯ ವೇಗಕ್ಕೆ ಕಾರೂ ತೆವಳುತ್ತ ಹೋಯಿತು, ಎಷ್ಟೋ ದೂರ. ಕೊನೆಗೆ ಎಡಬಾಗಿಲು ತೆರೆಯಿತು, ಒಳಗಿನಿಂದ ಯಾರೋ ಜೋರಾಗಿ ಎಳೆದು ಮುಚ್ಚಿದರು, ಕಾರು ಧೂಳೆಬ್ಬಿಸಿ ತಿರುವಿನಲ್ಲಿ ಮರೆಯಾಯಿತು.

"ನೋಡಿದ್ರಾ ಮೇಷ್ಟ್ರೇ? ಎತ್ತಿನ್ ಆಯ" ಅಂದ ಕಾಳಾಚಾರಿ.

ನಾವು ಬರಿ ಗಾಡಿಯಲ್ಲಿ ಮಧ್ಯಾಹ್ನದ ಹೊತ್ತಿಗೆ ರಾಮನಾಥಪುರ ಸೇರಿದರೆ, ಅಲ್ಲಿ ಕಾರೇ ಇಲ್ಲ! ಅಮ್ಮ ಎದೆ ಬಡಿದುಕೊಂಡಳು, ಹೊಳೆಗೇ ಬಿದ್ದರೇನೋ ಎಂದು ನನ್ನನ್ನು ಬೈದಳು. ಮೂರು ಗಂಟೆಯ ಮೇಲೆ ಹಾರನ್ ಕೇಳಿತು. ಬೀದಿಯ ಜನವೆಲ್ಲ ಬಾಗಿಲಿಗೆ ಬಂತು. ಅಕ್ಕ ಗಂಡನ ಪಕ್ಕದಲ್ಲಿ ಕೂತಿದ್ದಳು, ತಲೆಗೂದಲು ಕೆದರಿ, ಮುಖವೆಲ್ಲ ಧೂಳು. ಭಾವ ಇಳಿಯುತ್ತಲೇ, "ಪಂಚರ್ ಆಯ್ತು ಮೇಷ್ಟ್ರೇ" ಅಂದರು. ಅಕ್ಕ ನೀರು ಕೇಳಿದಳು.

ಆಮೇಲೆ ಆ ಕಾರು ಓಡಿದ್ದು ಅಷ್ಟಿಷ್ಟಲ್ಲ. ದೊಡ್ಡಗದ್ದವಳ್ಳಿಯ ದೇವಸ್ಥಾನ, ಹೊಳೆನರಸೀಪುರದ ಸಂತೆ, ಕಟ್ಟಾಯದ ನೆಂಟರ ಮದುವೆ. ಅರವತ್ತರ ದಶಕದ ಕೊನೆಗೆ ಬಣ್ಣ ಹೋಗಿ, ಸೀಟು ಹರಿದು, ಕೊಳ್ಳಲು ಬಂದ ಹಾಸನದವನೊಬ್ಬ ಮೀಟರು ನೋಡಿ ಲೊಚಗುಟ್ಟಿದ. "ಬಾಳ ಓಡ್ಬುಟ್ಟದೆ ಸಾ ಇದು." ಭಾವ ಎದೆ ಸೆಟೆದು, "ಊಂ ಕಣಪ್ಪ. ಬಾಳ ಓಡದೆ" ಅಂದದ್ದನ್ನು ನಾನೇ ಕೇಳಿದ್ದೇನೆ.

ಭಾವ ಈಗಿಲ್ಲ. ಅಕ್ಕ ಹಾಸನದಲ್ಲಿ ಮಗಳ ಮನೆಯಲ್ಲಿದ್ದಾಳೆ. ಮೊನ್ನೆ ಎಣ್ಣೆ ಹಚ್ಚಿಸಿಕೊಂಡ ಮೇಲೆ ಮನಸ್ಸು ತಡೆಯದೆ ಫೋನು ಮಾಡಿದೆ. ಅದೂ ಇದೂ ಮಾತಾಡಿ, "ಅಲ್ಲಕ್ಕ, ಆ ಪಂಚರ್ ಎಲ್ಲಾಯ್ತು? ನಾವೂ ಅದೇ ದಾರೀಲಿ ಬಂದ್ವಲ್ಲ, ಕಾಣಲೇ ಇಲ್ಲ ನೀವು" ಎಂದು ಕೇಳಿದೆ. ಇಷ್ಟು ವರ್ಷ ಯಾಕೆ ಹೊಳೆಯಲಿಲ್ಲವೋ.

ಅಕ್ಕ ಆ ಕಡೆ ಕಿಸಕ್ಕನೆ ನಕ್ಕಳು.

"ಯಾವ್ ಪಂಚರ್ರೂ ಆಗ್ಲಿಲ್ಲ ಕಣೋ. ದಾರಿ ನೋಡೋದ್ ಬಿಟ್ಟು ಮೀಟ್ರೇ ನೋಡ್ತಿದ್ರು ನಿಮ್ಮ ಭಾವ. ಗುಂಡಿಗೆ ಬೀಳಿಸ್ತಾರೆ ಅಂತ ನನ್ನ ಸೆರಗು ತೆಗ್ದು ಅದ್ರ ಮೇಲೆ ಹಾಕಿ ಮುಚ್ಬುಟ್ಟೆ. ಆಮೇಲೆ ಮಾತಾಡ್ಕಂಡು ಓಡ್ಸಿದ್ರು. ರಾಮನಾಥಪುರ ಬಂತು, ನಮ್ಮ ಬೀದಿ ತಿರುವು ಬಂತು. ನಾನು ಇಲ್ಲೇ ಕಣ್ರೀ ಅಂದೆ. ಕೇಳಿಸ್ತು ಅವ್ರಿಗೆ. ನಿಲ್ಲಿಸ್ಲಿಲ್ಲ. ಇನ್ನೊಂದ್ ಸ್ವಲ್ಪ ಓಗಣ ಕಣೆ ಅಂದ್ರು. ಬೆಟ್ಟದಪುರದ ಬೆಟ್ಟ ಎದುರಿಗೆ ಬರೋವರ್ಗೂ ಓಗ್ತಾನೇ ಇದ್ವಿ."

ಅಕ್ಕ ಮೂಗು ಒರೆಸಿಕೊಂಡದ್ದು ಕೇಳಿಸಿತು. ಫೋನು ಇಟ್ಟವನು ಒಳಗೆ ಹೋಗಿ ಹೆಂಡತಿಗೆ, "ಸೀರೆ ಉಟ್ಕೊಂಡು ಬಾ, ಬಸ್ಸಲ್ಲಿ ಹೋಗಿ ಬರೋಣ" ಅಂದೆ. ಅವಳು ಎಲ್ಲಿಗೆ ಎಂದಳು. ನನಗೂ ಗೊತ್ತಿರಲಿಲ್ಲ.